ಗೂಟದಿಂದ ಕಟ್ಟೆಗೆ

ವಿಜಯಪುರದ ಒಂದು ಮಳಿಗೆ ಸಂಕೀರ್ಣದ ಮುಂದಿನ ಬಯಲನ್ನು ಸರಿಪಡಿಸುವ ಕೆಲಸ ನನಗೆ ಬಂತು. ಯಜಮಾನರು ಹೇಳಿದ್ದು ಇಷ್ಟೇ: "ಹಬ್ಬದಾಗ ಮಂದಿ ಭಾಳ ಕೂಡ್ತಾರ್ರೀ, ಗಾಡಿ ಒಳಗ ನುಗ್ಗಬಾರದು ನೋಡ್ರಿ." 2016ರ ಜುಲೈ 14ರಂದು ಫ್ರಾನ್ಸಿನ ನೀಸ್‌ನಲ್ಲಿ ಜನರ ಮೇಲೆ ಲಾರಿ ನುಗ್ಗಿಸಿ 86 ಮಂದಿಯನ್ನು ಕೊಂದ ಸುದ್ದಿ ಅವರ ತಲೆಯಲ್ಲಿ ಕೂತಿತ್ತು.

ನಾನು ಸುಮ್ನೆ ಸ್ಟೀಲ್ ಬೊಲಾರ್ಡ್, ಅಂದರೆ ಗಾಡಿ ತಡೆಯುವ ಗೂಟಗಳ ಸಾಲು ನಿಲ್ಲಿಸಿದೆ. ಕೆಳಗೆ ಚರಂಡಿ ಪೈಪು ಅಡ್ಡ ಬಂತು ಅಂತ ಬುನಾದಿಯನ್ನು ಒಂದೂವರೆ ಅಡಿಗೇ ಮುಗಿಸಿದೆವು. ನಮ್ಮದು ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ವರ್ಷ ತುಂಬುವಷ್ಟರಲ್ಲಿ ಗೂಟಗಳು ವಾಲಿದವು. ಒಂದನ್ನಂತೂ ರಿವರ್ಸ್ ಬಂದ ತರಕಾರಿ ಟೆಂಪೊ ಮಲಗಿಸಿಯೇ ಬಿಟ್ಟಿತು. ಟೆಂಪೊಗೇ ಹೀಗಾದರೆ ಲಾರಿಗೆ?

ಗಾಡಿಯ ವೇಗ ಎರಡು ಪಟ್ಟಾದರೆ ಅದು ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಗೂಟ ದಪ್ಪ ಮಾಡುವುದಕ್ಕಿಂತ ಓಟ ಮುರಿಯುವುದು ಅಗ್ಗ. ನಮ್ಮ ಕಡೆಯ ಹಳೇ ಕೋಟೆಗಳಲ್ಲಿ ಬಾಗಿಲಿಗೆ ಹೋಗುವ ದಾರಿ ಸೊಟ್ಟ ತಿರುಗುವುದೂ ಇದಕ್ಕೇ ಅಲ್ವಾ? ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು. ನೇರ ಇದ್ದ ದಾರಿಗೆ ನಾನೂ ಎರಡು ತಿರುವು ಕೊಟ್ಟೆ.

ಅರ್ಧ ಗೂಟ ಕಿತ್ತು ಕಟ್ಟೆ ಕಟ್ಟಿಸಿದೆ. ಹೊರಗೆ ಕಲ್ಲು, ಒಳಗೆ ಕಬ್ಬಿಣ ಹೆಣೆದ ಕಾಂಕ್ರೀಟು. ಎರೆ ದಾಟಿ ಗಟ್ಟಿ ಗರಸು ಸಿಗುವ ತನಕ ಅಗೆಸಿದೆ. ಗೌಂಡಿ ಕಾಕಾ ನಕ್ಕ: "ಕುಂದ್ರೂ ಕಟ್ಟಿಗಿ ಇಷ್ಟ್ಯಾಕ ಆಳರೀ ಸರ?" ಕಟ್ಟೆ, ಗೂಟಗಳ ನಡುವಿನ ಸಂದುಗಳು 1.2 ಮೀಟರ್, ಅದಕ್ಕಿಂತ ಜಾಸ್ತಿ ಇಲ್ಲ. ಗಾಲಿಕುರ್ಚಿ ಹೋಗುತ್ತದೆ, ಕಾರು ಹೋಗುವುದಿಲ್ಲ. ತಳ್ಳುಗಾಡಿಯೂ ಹೋಗುವುದಿಲ್ಲ, ಅದು ನನಗೆ ಹೊಳೆದಿರಲಿಲ್ಲ. ಪೇರಲ ಮಾರುವ ಹುಡುಗ ಬಂದು, "ಲಾರಿ ಬರತೈತೋ ಇಲ್ಲೋ, ನನ್ನ ಗಾಡಿ ಅಂತೂ ಬರವಲ್ತು" ಎಂದ. ತಳ್ಳುಗಾಡಿಯವರಿಗೆ ಹೊರ ಅಂಚಿನಲ್ಲೇ ಜಾಗ ಮಾಡಿಕೊಟ್ಟೆವು.

ಆಂಬುಲೆನ್ಸಿಗಾಗಿ ಒಂದು ಕಡೆ ತೆಗೆದಿಡುವ ಗೂಟಗಳು. ಪರೀಕ್ಷೆ ಮಾಡಿದ ದಿನ ಕಾವಲುಗಾರ ಚಹಾಕ್ಕೆ ಹೋಗಿದ್ದ, ಕೀಲಿ ಅವನ ಜೇಬಲ್ಲಿತ್ತು! ಈಗ ಇನ್ನೊಂದು ಕೀಲಿ ಕ್ಯಾಬಿನ್‌ನಲ್ಲಿ ತೂಗುತ್ತದೆ.

ಗಾಜಿನ ವಿಷಯದಲ್ಲಿ ನಾನು ಪೂರ್ತಿ ಗೆಲ್ಲಲಿಲ್ಲ. ಹೊರಗೇ ತಡೆದ ಗಾಡಿಯಲ್ಲಿ ಬಾಂಬ್ ಇದ್ದು ಸ್ಫೋಟವಾದರೆ ದೂರದವರನ್ನೂ ಗಾಯಗೊಳಿಸುವುದು ಹಾರುವ ಗಾಜು. ಲ್ಯಾಮಿನೇಟೆಡ್ ಗಾಜು ಒಡೆದರೂ ನಡುವಿನ ಪದರಕ್ಕೆ ಅಂಟಿಕೊಂಡಿರುತ್ತದೆ. ಖರ್ಚು ನೋಡಿ ಯಜಮಾನರು ನೆಲ ಅಂತಸ್ತಿಗೆ ಮಾತ್ರ ಒಪ್ಪಿದರು. ಮೇಲಿನ ಗಾಜಿಗೆ ಚೂರು ಹಿಡಿದಿಡುವ ಫಿಲ್ಮ್ ಆದರೂ ಹಚ್ಚಿಸಿ ಅಂದೆ. "ದೀಪಾವಳಿ ಆದಮ್ಯಾಲ ನೋಡೂಣ್ರೀ" ಅಂದಿದ್ದಾರೆ.