ಒಂದು ಕಡೆ ಕೂರದ ಮಗುವಿಗೆ ಏನು ಉಡುಗೊರೆ ಕೊಡೋದು? ಹಾರ್ಡ್‌ವೇರ್ ಅಂಗಡಿಯವನ ಸಲಹೆ

ಮೈಸೂರಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಹಗ್ಗ ಮಾರುವವನಿಗೆ ಮಕ್ಕಳ ಉಡುಗೊರೆ ಬಗ್ಗೆ ಏನು ಗೊತ್ತು ಅಂತ ನೀವು ಕೇಳಬಹುದು. ಅಪ್ಪನ ಜೊತೆ ಅಂಗಡಿಗೆ ಬರುವ ನಾಲ್ಕೈದು ವರ್ಷದ ಮಕ್ಕಳನ್ನು ಒಮ್ಮೆ ನೋಡಬೇಕು ನೀವು. ಅಪ್ಪ ನಲ್ಲಿ ಆರಿಸುವಷ್ಟರಲ್ಲಿ ಮಗು ಒಂದು ಎಲ್ಬೋ, ಅಂದರೆ ಪೈಪಿನ ಮೂಲೆಗೆ ಹಾಕುವ ಬಾಗಿದ ಜಾಯಿಂಟು, ತೆಗೆದು ಕಿವಿಗಿಟ್ಟುಕೊಂಡು ಅಜ್ಜಿಗೆ ಫೋನ್ ಮಾಡುತ್ತಿರುತ್ತದೆ. ಇನ್ನೊಂದು ಮಗು ಹಗ್ಗದ ಸುರುಳಿಯೊಳಗೆ ಇಳಿದು ದೋಣಿ ಹೊರಡಿಸಿರುತ್ತದೆ. ಆಟದ ಸಾಮಾನಿನ ಅಂಗಡಿಯಲ್ಲಿ ಹಟ ಮಾಡುವ ಮಕ್ಕಳು ಇಲ್ಲಿ ಆಟಕ್ಕೇ ಇಳಿದುಬಿಡುತ್ತವೆ. ಹಾಗಾಗಿ ನಮ್ಮ ನೆಂಟರಿಷ್ಟರ ಮಕ್ಕಳ ಹುಟ್ಟುಹಬ್ಬಕ್ಕೆ ನಾನು ಹೆಚ್ಚಾಗಿ ನನ್ನ ಅಂಗಡಿಯಿಂದಲೇ ಆರಿಸುತ್ತೇನೆ. ಜಿಪುಣ ಅಂತ ಬೈದವರೂ ಇದ್ದಾರೆ, ಇರಲಿ.

ಮೊದಲನೆಯದು, ನಿನಗೇನು ಬೇಕು ಅಂತ ಮಗುವನ್ನು ಕೇಳಲು ಹೋಗಬೇಡಿ. ಕೇಳಿದರೆ ಟಿವಿಯಲ್ಲಿ ಕಂಡದ್ದನ್ನೋ ಪಕ್ಕದ ಮನೆಯಲ್ಲಿ ನೋಡಿದ್ದನ್ನೋ ಹೇಳುತ್ತದೆ. ಅದರ ಬದಲು ಅರ್ಧ ಗಂಟೆ ಸುಮ್ನೆ ಕೂತು ಗಮನಿಸಿ. ಕೆಲವು ಮಕ್ಕಳು ಕಿಟಕಿ, ಸೋಫಾ, ಮಾವನ ಹೆಗಲು ಏನು ಸಿಕ್ಕಿದರೂ ಹತ್ತುತ್ತವೆ. ಕೆಲವು ಎಸೆಯುತ್ತವೆ. ಕೆಲವಕ್ಕೆ ಮಂಚದ ಕೆಳಗೆ ಅವಿತುಕೊಳ್ಳುವುದೇ ಆಟ. ನೀರು, ಅಕ್ಕಿ, ಮಣ್ಣು ಅಂತ ಸುರಿಯುವವು ಒಂದಷ್ಟು. ಪೆನ್ನು, ರಿಮೋಟು ಬಿಚ್ಚಿ ನೋಡುವವು ಇನ್ನೊಂದಷ್ಟು. ಚಟುವಟಿಕೆಯ ಮಗು ಅಂತ ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸುತ್ತೇವೆ, ಆದರೆ ಒಂದೊಂದರ ಓಡಾಟ ಒಂದೊಂದು ಥರ. ಆ ಓಡಾಟಕ್ಕೆ ಕೆಲಸ ಕೊಡುವ ಸಾಮಾನು ಹುಡುಕಿದರೆ ಮುಕ್ಕಾಲು ಪಾಲು ಮುಗಿಯಿತು. ಕಲ್ಪನೆಯನ್ನು ಮಗುವೇ ತರುತ್ತದೆ, ಅದನ್ನು ನಾವು ಡಬ್ಬದಲ್ಲಿ ಹಾಕಿ ಕೊಡಬೇಕಾಗಿಲ್ಲ.

ನನ್ನ ತಂಗಿಯ ಮಗಳು ಸಾಗಿಸುವ ಜಾತಿ. ದಿಂಬು ಬಾಲ್ಕನಿಗೆ, ಚಪ್ಪಲಿ ಅಡುಗೆಮನೆಗೆ, ಈರುಳ್ಳಿ ಬುಟ್ಟಿ ಮಂಚದ ಕೆಳಗೆ. ಐದನೇ ಹುಟ್ಟುಹಬ್ಬ ಹತ್ತಿರ ಬಂದಾಗ ತಂಗಿ ಫೋನ್ ಮಾಡಿ, "ಅಣ್ಣ, ಇವಳು ಒಂದು ಕಡೆ ಕೂತು ಆಡುವಂಥದ್ದು ಏನಾದರೂ ತಾ, ನನಗೆ ಸಾಕಾಗಿಹೋಗಿದೆ" ಅಂದಳು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದನ್ನು ತಂಗಿಗೆ ಹೇಳಿದೆ. "ಹಾಗಾದರೆ ಅವರ ಆಫೀಸಿಗೇ ಕಳಿಸುತ್ತೀನಿ" ಅಂದಳು.

ನಾನು ಕೊಟ್ಟದ್ದು ಒಂದು ರಾಟೆ. ಬಾವಿಯ ಕಬ್ಬಿಣದ ರಾಟೆ ಅಲ್ಲ, ಅದು ಭಾರ ಜಾಸ್ತಿ. ಬಟ್ಟೆ ಒಣಹಾಕುವ ಕೋಲುಗಳನ್ನು ಸೂರಿಗೆ ತೂಗುಹಾಕುತ್ತಾರಲ್ಲ, ಅದಕ್ಕೆ ಬಳಸುವ ಅಂಗೈಯಗಲದ ರಾಟೆ. ಜೊತೆಗೆ ಕೈ ಉಜ್ಜದ ದಪ್ಪ ಹತ್ತಿ ಹಗ್ಗ, ಒಂದು ಪುಟ್ಟ ಪ್ಲಾಸ್ಟಿಕ್ ಬಕೆಟ್ಟು. ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ. ತೊಟ್ಟಿಲು ಕಟ್ಟಿದ್ದ ಕೊಂಡಿ ಸೂರಲ್ಲಿ ಹಾಗೇ ಇತ್ತು, ಅದಕ್ಕೇ ಕಟ್ಟಿದೆವು. ಮೊದಲ ದಿನ ಅದು ಲಿಫ್ಟು. ಆಮೇಲೆ ಗೊಂಬೆಗಳು ಪ್ರವಾಹದಲ್ಲಿ ಸಿಕ್ಕಿಹಾಕಿಕೊಂಡವು, ಬಕೆಟ್ಟು ರಕ್ಷಣೆಗೆ ಹೋಯಿತು. ಆಮೇಲೆ ಅದೇ ಬಕೆಟ್ಟು ಹಾಲಿನ ಬೂತು ಆಯಿತು. ಎಳೆದೂ ಎಳೆದೂ ತೋಳು ಸೋತು ರಾತ್ರಿ ಒಂಬತ್ತಕ್ಕೆ ನಿದ್ದೆ. ಈಗ ತಂಗಿ ನನ್ನನ್ನು ಬೈಯುವುದಿಲ್ಲ.

ಕೆಳಗೆ ಎಳೆದರೆ ಬಕೆಟ್ಟು ಯಾಕೆ ಮೇಲೆ ಹೋಗುತ್ತದೆ ಅಂತ ಮಗು ಕೇಳಿಯೇ ಕೇಳುತ್ತದೆ. ತಕ್ಷಣ ಪಾಠ ಶುರು ಮಾಡಬೇಡಿ. ಮೊದಲು ರಾಟೆ ಇಲ್ಲದೆ ಕೈಯಲ್ಲಿ ಎತ್ತಲು ಹೇಳಿ, ಆಮೇಲೆ ರಾಟೆಯಲ್ಲಿ. ಒಂದೇ ರಾಟೆ ಭಾರವನ್ನು ಕಮ್ಮಿ ಮಾಡುವುದಿಲ್ಲ, ಎಳೆಯುವ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಕೆಳಕ್ಕೆ ಜಗ್ಗುವಾಗ ನಮ್ಮ ಮೈಭಾರವೂ ಕೆಲಸಕ್ಕೆ ಬರುತ್ತದೆ, ಅದಕ್ಕೇ ಸಲೀಸು ಅನ್ನಿಸುತ್ತದೆ.

ಹಗ್ಗದ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ತುದಿಗೆ ಕುಣಿಕೆ ಹಾಕಬಾರದು. ಬಾಲ್ಕನಿಯಲ್ಲಿ ಕಟ್ಟಬಾರದು. ದೊಡ್ಡವರು ಕೋಣೆಯಲ್ಲಿ ಇದ್ದಾಗಷ್ಟೇ ಆಟ, ಮುಗಿದ ಮೇಲೆ ಹಗ್ಗ ಬಿಚ್ಚಿ ಕಪಾಟಿನ ಮೇಲಿಡಬೇಕು. ಈ ನಾಲ್ಕಕ್ಕೂ ತಾಯಿ ತಂದೆ ಹೂಂ ಅನ್ನದಿದ್ದರೆ ಹಗ್ಗ ಕೊಡಬೇಡಿ, ಬೇರೆ ನೋಡಿ.

ಬೇರೆ ಅಂದರೆ ನನ್ನ ಎರಡನೇ ಆಯ್ಕೆ ಪೈಪು. ಕರೆಂಟ್ ವೈರಿಂಗಿಗೆ ಬಳಸುವ 20 ಮಿಲಿಮೀಟರ್ ಪಿವಿಸಿ ಪೈಪು ನೀರಿನ ಪೈಪಿಗಿಂತ ಹಗುರ, ಅಗ್ಗ. ಮೂರು ಮೀಟರಿನ ಒಂದು ಪೈಪಲ್ಲಿ ಒಂದೊಂದು ಅಡಿಯ ಒಂಬತ್ತು ತುಂಡು ಬರುತ್ತವೆ. ಎರಡು ಪೈಪು ಕತ್ತರಿಸಿ, ಕೆಲವನ್ನು ಅರ್ಧ ಅಡಿ ಮಾಡಿ. ಅದೇ ಅಳತೆಯ ಎಲ್ಬೋ, ಮೂರು ಪೈಪು ಕೂಡಿಸುವ ಟೀ ಜಾಯಿಂಟು ಒಂದೊಂದು ಡಜನ್ ಹಾಕಿ. ಕತ್ತರಿಸಿದ ಅಂಚು ಚೂಪಾಗಿರುತ್ತದೆ, ಸ್ಯಾಂಡ್‌ಪೇಪರಿನಲ್ಲಿ ಚೆನ್ನಾಗಿ ಉಜ್ಜಿ, ನಿಮ್ಮ ಬೆರಳಲ್ಲೇ ಸುತ್ತ ಸವರಿ ನೋಡಿ. ಗಮ್ಮು ಮಾತ್ರ ಕೊಡಬೇಡಿ, ಸುಮ್ನೆ ತೂರಿಸಿದರೆ ಆಟಕ್ಕೆ ಬೇಕಾದಷ್ಟು ಬಿಗಿಯಾಗಿ ನಿಲ್ಲುತ್ತದೆ. ಇದರಲ್ಲಿ ಫುಟ್‌ಬಾಲ್ ಗೋಲು ಆಗುತ್ತದೆ. ಮೇಲೆ ಅಮ್ಮನ ಹಳೇ ಸೀರೆ ಹೊದಿಸಿದರೆ ಮನೆ. ಹತ್ತುವ ಮಗುವಿಗೆ ಮಾತ್ರ ಇದು ಬೇಡ, ಅದರ ಮೇಲೇ ಹತ್ತಿ ಬೀಳುತ್ತದೆ. ಹತ್ತುವವರಿಗೆ ದುಡ್ಡು ಉಳಿಸಿ ಪಾರ್ಕಿಗೆ ಕರೆದುಕೊಂಡು ಹೋಗಿ, ನನ್ನ ಅಂಗಡಿಯಲ್ಲಿ ಅವರಿಗೆ ಸರಿಯಾದದ್ದು ಏನೂ ಇಲ್ಲ.

ಸುರಿಯುವ ಮಕ್ಕಳಿಗೆ ಗಾರೆಯವರ ಲೆವೆಲ್ ಟ್ಯೂಬು. ಹತ್ತಡಿ ಪಾರದರ್ಶಕ ಟ್ಯೂಬು, ಒಂದು ಆಲಿಕೆ, ಒಂದು ಚೊಂಬು. ಟ್ಯೂಬಿನಲ್ಲಿ ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ, ಎಷ್ಟೇ ದೂರ ಇದ್ದರೂ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮೇಸ್ತ್ರಿಗಳು ಮನೆಯ ಮಟ್ಟ ನೋಡುವುದು ಇದರಲ್ಲೇ. ನೀರಿಗೆ ಒಂದಿಷ್ಟು ಅರಿಶಿನ ಹಾಕಿ ಕೊಟ್ಟರೆ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಹುಟ್ಟಿದ ಮಗುವಾದರೆ ಇನ್ನೂ ಸುಲಭ: ಮೂರಿಂಚಿನ ಪೇಂಟ್ ಬ್ರಷ್ಷು, ಸಣ್ಣ ಡಬ್ಬಿ, ಬರೀ ನೀರು. ಕಾಂಪೌಂಡ್ ಗೋಡೆಗೆ ಬಳಿಯುತ್ತಾ ಹೋಗುತ್ತದೆ, ತುದಿ ಮುಟ್ಟುವಷ್ಟರಲ್ಲಿ ಶುರು ಮಾಡಿದ ಕಡೆ ಒಣಗಿರುತ್ತದೆ, ಮತ್ತೆ ಮೊದಲಿಂದ. ಇದಕ್ಕಿಂತ ಅಗ್ಗದ ಉಡುಗೊರೆ ನನಗೆ ಗೊತ್ತಿಲ್ಲ.

ಬಿಚ್ಚುವವರಿಗೆ ಒಂದು ಹಲಗೆಗೆ ಚಿಲಕ, ಅಗುಳಿ, ದೊಡ್ಡ ನಟ್ಟು-ಬೋಲ್ಟು ಕೂರಿಸಿ ಕೊಡಿ. 12 ಮಿಲಿಮೀಟರ್ ಬೋಲ್ಟು ಪುಟ್ಟ ಬೆರಳಿಗೆ ಸರಿಯಾಗಿ ಸಿಗುತ್ತದೆ. ಆದರೆ ಮನೆಯ ಬಚ್ಚಲು ಬಾಗಿಲ ಚಿಲಕ ಮಗುವಿಗೆ ಎಟುಕುವ ಹಾಗಿದ್ದರೆ ಯೋಚನೆ ಮಾಡಿ. ಕಲಿತ ವಿದ್ಯೆ ಅಲ್ಲೇ ಮೊದಲು ಪ್ರಯೋಗ ಆಗುತ್ತದೆ! ಅವಿತುಕೊಳ್ಳುವವರಿಗೆ ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಟಾರ್ಚು. ಪೆಟ್ಟಿಗೆಯನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯವರು ಕೇಳಿದರೆ ಪುಕ್ಕಟೆ ಕೊಡುವುದುಂಟು.

ಎಸೆಯುವವರಿಗೆ ನಮ್ಮ ಲಗೋರಿಯನ್ನು ಮೀರಿದ್ದು ಬಂದಿಲ್ಲ. ಏಳು ಮರದ ಬಿಲ್ಲೆ ಬಡಗಿಯ ಹತ್ತಿರ ಕೊಯ್ಸಿ, ಒಂದು ಬಟ್ಟೆ ಚೆಂಡು ಹೊಲಿಸಿ. ಮರದ್ದೇ ಸಿದ್ಧ ಆಟಿಕೆ ಬೇಕಿದ್ದರೆ ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿಯಿರಿ. ಅಲ್ಲಿ ಆಲೆ ಮರವನ್ನು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಗೊಂಬೆ ಕೊಳ್ಳುವುದಕ್ಕಿಂತ ಮಗುವಿಗೆ ಈ ಕೆಲಸ ತೋರಿಸುವುದೇ ಒಂದು ಉಡುಗೊರೆ. ಬುಗುರಿ ಕೊಡುವುದಾದರೆ ಬೆರಳಲ್ಲಿ ತಿರುಗಿಸುವ ಮೊಂಡು ಬುಗುರಿ ಕೊಡಿ. ಮೊಳೆಯ ಬುಗುರಿ ಇನ್ನೊಂದೆರಡು ವರ್ಷ ಕಾಯಲಿ.

ಆಷಾಢದಲ್ಲಿ ಹುಟ್ಟಿದ ಮಕ್ಕಳು ಪುಣ್ಯವಂತರು, ಗಾಳಿಪಟದ ಕಾಲ. ಆದರೆ ದಾರ ಹತ್ತಿಯದೇ ಇರಲಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಅದು ಹಕ್ಕಿಯ ರೆಕ್ಕೆಯನ್ನೂ ಬೈಕಿನವರ ಕತ್ತನ್ನೂ ಕೊಯ್ಯುತ್ತದೆ.

ಈಗ ಎಚ್ಚರಿಕೆಯ ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರು ಮಾಡಿದ್ದಕ್ಕೆ ವಿನಾಯಿತಿ ಇದೆ. ನಾನು ಹೇಳಿದ ಪೈಪು, ರಾಟೆ ಯಾವುದೂ ಆಟಿಕೆ ಅಂತ ಪರೀಕ್ಷೆ ಆಗಿ ಬಂದದ್ದಲ್ಲ. ಪರೀಕ್ಷೆ ಮಾಡಬೇಕಾದವರು ನೀವೇ. ಮೂರು ವರ್ಷದೊಳಗಿನ ಮಗುವಿಗೆ, ಅಥವಾ ಮನೆಯಲ್ಲಿ ಅಂಥ ತಮ್ಮನೋ ತಂಗಿಯೋ ಇದ್ದರೆ, ಬಾಯಿಗೆ ಹಿಡಿಸುವ ಯಾವುದೂ ಬೇಡ. ಟಾರ್ಚಿಗೆ ಬಟನ್ ಸೆಲ್ಲು ಇರಲೇಬಾರದು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಪೆನ್ಸಿಲ್ ಸೆಲ್ಲು ಹಾಕಿ ಸ್ಕ್ರೂನಿಂದ ಮುಚ್ಚುವ ಟಾರ್ಚು ಆರಿಸಿ. ಸಣ್ಣ ಗುಂಡು ಆಯಸ್ಕಾಂತಗಳೂ ಅಷ್ಟೇ ಅಪಾಯ, ಎರಡು ಹೊಟ್ಟೆಗೆ ಹೋದರೆ ಕರುಳಿನ ಗೋಡೆಯ ಆಚೆ ಈಚೆ ಅಂಟಿಕೊಂಡು ತೂತು ಮಾಡುತ್ತವೆ. ಅಳತೆ ಟೇಪು ಕೊಡುವುದಿದ್ದರೆ ಸ್ಟೀಲಿನದು ಬೇಡ, ಅಂಚು ಕೊಯ್ಯುತ್ತದೆ. ಟೈಲರ್ ಬಟ್ಟೆ ಟೇಪು ಸಾಕು. ಅಜ್ಜನ ಸೊಂಟದಿಂದ ಹಿಡಿದು ಬೆಕ್ಕಿನ ಬಾಲದ ತನಕ ಎಲ್ಲವೂ ಅಳತೆ ಆಗುತ್ತದೆ.

ಮನೆಯಲ್ಲಿ ಜಾಗವೇ ಇಲ್ಲದವರಿಗೆ ಒಂದು ದಿನ ಕೊಡಿ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ, ಹಳೇ ಇಂಜಿನ್ನು ಹತ್ತಿರದಿಂದ ನೋಡಬಹುದು. ಮೃಗಾಲಯದಲ್ಲಿ ಮಗುವಿನ ಹೆಸರಲ್ಲಿ ಒಂದು ಪ್ರಾಣಿಯನ್ನು ದತ್ತು ತೆಗೆದುಕೊಳ್ಳುವ ಏರ್ಪಾಡೂ ಇದೆ. ಆನೆಯೇ ಆಗಬೇಕಿಲ್ಲ, ಸಣ್ಣ ಹಕ್ಕಿಯಾದರೂ ಮಗು ಊರೆಲ್ಲ ಸಾರಿಕೊಂಡು ಬರುತ್ತದೆ. ಮಂಗಳವಾರ ಮೃಗಾಲಯಕ್ಕೆ ರಜೆ, ನೋಡಿಕೊಂಡು ಹೋಗಿ.

ಕೊಡುವ ರೀತಿಯಲ್ಲೂ ಒಂದು ಕೈಚಳಕ ಇದೆ. ಬಣ್ಣದ ಕಾಗದ ಬೇಡ, ಎಲ್ಲವನ್ನೂ ಒಂದು ಬಕೆಟ್ಟಿಗೆ ತುಂಬಿ ಮೇಲೆ ಟವೆಲ್ ಕಟ್ಟಿ. ಒಳಗೆ ಒಂದು ಕೆಲಸದ ಚೀಟಿ ಇಡಿ: "ಮೇಸ್ತ್ರಿಗಳೇ, ಕರಡಿಗೆ ಮಳೆಗಾಲಕ್ಕೆ ಮನೆ ಬೇಕು, ಸಂಜೆಯೊಳಗೆ ಆಗಬೇಕು." ಓದು ಬಾರದ ಮಗುವಾದರೆ ಚಿತ್ರ ಬಿಡಿಸಿ. ಆಮೇಲೆ ಹೀಗೆ ಜೋಡಿಸು, ಹಾಗಲ್ಲ ಅಂತ ಹೇಳಿಕೊಡಲು ಹೋಗಬೇಡಿ. ನೆಲದ ಮೇಲೆ ಕೂತು ಕೂಲಿಯವನಾಗಿ ಹೇಳಿದ್ದು ಎತ್ತಿಕೊಡಿ. ಕಮ್ಮಿ ಕೂಲಿ ಕೊಡುತ್ತಾರೆ, ಹೆಚ್ಚು ಬೈಯುತ್ತಾರೆ, ಅಭ್ಯಾಸ ಆಗುತ್ತದೆ.

ಮುಂದಿನ ವರ್ಷಕ್ಕೆ ಹೊಸದನ್ನೇ ಹುಡುಕಬೇಕಿಲ್ಲ. ಪೈಪಿನ ಮಗುವಿಗೆ ಇನ್ನೆರಡು ಪೈಪು, ನಾಲ್ಕು ಹೊಸ ಬಗೆಯ ಜಾಯಿಂಟು. ರಾಟೆಯ ಮಗುವಿಗೆ ಎರಡನೇ ರಾಟೆ. ಅದನ್ನು ಬಕೆಟ್ಟಿನ ಜೊತೆಗೇ ಏರಿಳಿಯುವ ಹಾಗೆ ಕಟ್ಟಿದರೆ ಹಾಕಬೇಕಾದ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ, ಹಗ್ಗ ಮಾತ್ರ ಎರಡರಷ್ಟು ಎಳೆಯಬೇಕು. ಪೈಪು ಕತ್ತರಿಸಲು ಮನೆಯಲ್ಲಿ ಗರಗಸ ಇಲ್ಲದಿದ್ದರೆ ಅಂಗಡಿಯವರನ್ನೇ ಕೇಳಿ. ಭಾನುವಾರ ಬೆಳಿಗ್ಗೆ ಹೋಗಬೇಡಿ, ಪ್ಲಂಬರುಗಳ ನೂಕುನುಗ್ಗಲು ಇರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ನಾವೇ ಅಳತೆ ಹಾಕಿ ಕತ್ತರಿಸಿ, ಅಂಚು ಉಜ್ಜಿ ಕೊಡುತ್ತೇವೆ.