ಅಮುರ್ ಫಾಲ್ಕನ್ ಈಗ ಎಲ್ಲಿದೆ? ಉಪಗ್ರಹದ ಚುಕ್ಕೆಗಳನ್ನು ಓದುವ ಬಗೆ

ನವೆಂಬರ್ ಬಂತು ಅಂದರೆ ಹಕ್ಕಿ ನೋಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ನಕ್ಷೆ ಓಡಾಡಲು ಶುರುವಾಗುತ್ತದೆ. ಮಣಿಪುರದಿಂದ ಹೊರಟ ಗೆರೆ ಬಂಗಾಳ ಕೊಲ್ಲಿಯ ಅಂಚು ಸವರಿ, ದಖ್ಖನ್ ಅಡ್ಡ ಹಾಯ್ದು, ಅರಬ್ಬೀ ಸಮುದ್ರ ದಾಟಿ ಸೊಮಾಲಿಯಾಗೆ ಹೋಗಿರುತ್ತದೆ. ಪಾರಿವಾಳಕ್ಕಿಂತ ಚಿಕ್ಕದಾದ, ಸುಮಾರು 150 ಗ್ರಾಂ ತೂಗುವ ಹಕ್ಕಿ ಇಷ್ಟು ಹಾರಿತಾ ಅಂತ ಎಲ್ಲರೂ ಬೆರಗಾಗುತ್ತೇವೆ, ಮುಂದಕ್ಕೆ ಕಳಿಸುತ್ತೇವೆ, ಮರೆಯುತ್ತೇವೆ.

ಆದರೆ ಆ ಗೆರೆ ಎಳೆದವರು ನಕ್ಷೆ ಮಾಡಿದವರು. ಹಕ್ಕಿ ಕೊಟ್ಟದ್ದು ಬರೀ ಚುಕ್ಕೆಗಳು, ಅದೂ ಬಿಟ್ಟು ಬಿಟ್ಟು. ಚುಕ್ಕೆ ಓದಲು ಕಲಿತರೆ ಮನೆಯಲ್ಲೇ ಕೂತು ಹಕ್ಕಿಯ ಬೆನ್ನು ಹತ್ತಬಹುದು. ಅದಕ್ಕೆ ಒಂದು ಲ್ಯಾಪ್‌ಟಾಪ್ ಮತ್ತು ಸ್ವಲ್ಪ ತಾಳ್ಮೆ ಸಾಕು.

ಮೊದಲು ಹಕ್ಕಿಯ ಕ್ಯಾಲೆಂಡರ್ ತಲೆಯಲ್ಲಿರಲಿ. ಅಮುರ್ ಫಾಲ್ಕನ್ ನಮ್ಮ ಚಾಣದ ಬಳಗದ್ದು. ಮರಿ ಮಾಡುವುದು ರಷ್ಯಾದ ಪೂರ್ವ ತುದಿ ಮತ್ತು ಉತ್ತರ ಚೀನಾದಲ್ಲಿ, ಚಳಿಗಾಲ ಕಳೆಯುವುದು ಆಫ್ರಿಕಾದ ದಕ್ಷಿಣದಲ್ಲಿ. ಅಕ್ಟೋಬರ್, ನವೆಂಬರ್‌ನಲ್ಲಿ ನಾಗಾಲ್ಯಾಂಡ್, ಮಣಿಪುರದಲ್ಲಿ ಇಳಿದು ಗೆದ್ದಲಿನಂಥ ಹುಳ ತಿಂದು ಮೈ ತುಂಬಿಸಿಕೊಳ್ಳುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಈ ಹಕ್ಕಿಗಳನ್ನು ಲಕ್ಷಕ್ಕೂ ಹೆಚ್ಚು ಕೊಂದರು ಅನ್ನುವ ಅಂದಾಜಿದೆ. ಮರುವರ್ಷವೇ ಊರಿನವರು ಬೇಟೆ ನಿಲ್ಲಿಸಿದರು. ಅದೇ 2013ರ ನವೆಂಬರ್‌ನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಟ್ಯಾಗ್ ಕಟ್ಟಿ ನಾಗಾ, ವೋಖಾ, ಪಾಂಗ್ತಿ ಅಂತ ಹೆಸರಿಟ್ಟರು. 2018ರಿಂದ ಮಣಿಪುರದ ತಾಮೆಂಗ್‌ಲಾಂಗ್‌ನಲ್ಲೂ ಟ್ಯಾಗ್ ಕಟ್ಟುವುದು ಶುರುವಾಯಿತು. ಹೆಸರುಗಳಲ್ಲಿ ಹೆಚ್ಚಿನವು ಊರಿನವೋ ನದಿಯವೋ ಆಗಿರುತ್ತವೆ: ಚಿಯುಲೋನ್, ಇರಾಂಗ್, ಬರಾಕ್. ತಮ್ಮೂರ ಹೆಸರಿನ ಹಕ್ಕಿಗೆ ಕಲ್ಲು ಹೊಡೆಯಲು ಯಾರಿಗೂ ಮನಸ್ಸು ಬರಲ್ಲ ಅಲ್ವಾ? ಹಾಗಂತ ಯಾವಾಗಲೂ ಇದು ಕೆಲಸ ಮಾಡಿಲ್ಲ. 2018ರಲ್ಲಿ 'ಮಣಿಪುರ್' ಅನ್ನುವ ಹಕ್ಕಿ ಟ್ಯಾಗ್ ಕಟ್ಟಿದ ಕೆಲವೇ ದಿನಗಳಲ್ಲಿ ಅದೇ ಜಿಲ್ಲೆಯಲ್ಲಿ ಬೇಟೆಗೆ ಬಲಿಯಾಯಿತು.

ಈಗ ಟ್ಯಾಗ್ ವಿಷಯ. ಹಕ್ಕಿಯ ತೂಕದ ಶೇಕಡಾ 3ರಿಂದ 5ಕ್ಕಿಂತ ಜಾಸ್ತಿ ಹೇರಬಾರದು ಅನ್ನುವುದು ಸಾಮಾನ್ಯ ನಿಯಮ. ಹಾಗಾಗಿ ಈ ಪುಟ್ಟ ಹಕ್ಕಿಗೆ 5 ಗ್ರಾಂನ ಸೋಲಾರ್ ಟ್ಯಾಗ್ ಕಟ್ಟುತ್ತಾರೆ. ಅದರಲ್ಲಿ ಎಷ್ಟು ಬ್ಯಾಟರಿ ಹಿಡಿಸೀತು ನೀವೇ ಹೇಳಿ. ಅದಕ್ಕೇ ಇಂಥ ಚಿಕ್ಕ ಟ್ಯಾಗ್‌ಗಳನ್ನು ಸಾಮಾನ್ಯವಾಗಿ 10 ಗಂಟೆ ಸಂಕೇತ ಕಳಿಸುವುದು, ಆಮೇಲೆ 48 ಗಂಟೆ ಬಿಸಿಲಿಗೆ ಚಾರ್ಜ್ ಆಗುವುದು ಅನ್ನುವ ಲೆಕ್ಕದಲ್ಲಿ ಬಿಡುತ್ತಾರೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಕೇತ ಹಿಡಿಯುವುದು ಆರ್ಗೋಸ್ ಅನ್ನುವ ಉಪಗ್ರಹ ವ್ಯವಸ್ಥೆ. 1978ರಿಂದ ಇದೆ. ರೈಲು ಹಾರ್ನ್ ಹಾಕುತ್ತಾ ನಮ್ಮನ್ನು ದಾಟಿ ಹೋಗುವಾಗ ಸದ್ದು ಚೂಪಾಗಿದ್ದದ್ದು ದಪ್ಪಗಾಗುತ್ತದಲ್ಲ, ಅದೇ ಡಾಪ್ಲರ್ ಲೆಕ್ಕ ಇಲ್ಲೂ ನಡೆಯುತ್ತದೆ. ಟ್ಯಾಗ್ ಕೂಗುತ್ತಾ ಇರುತ್ತದೆ, ಮೇಲೆ ಹಾದುಹೋಗುವ ಉಪಗ್ರಹ ಆ ಕೂಗು ಎಷ್ಟು ಬದಲಾಯಿತು ಅಂತ ಅಳೆಯುತ್ತದೆ, ಅದರಿಂದ ನೆಲದ ಮೇಲಿನ ಕೇಂದ್ರದಲ್ಲಿ ಜಾಗ ಲೆಕ್ಕ ಹಾಕುತ್ತಾರೆ. ತೊಂದರೆ ಏನಪ್ಪಾ ಅಂದರೆ ಈ ಲೆಕ್ಕಕ್ಕೆ ಎರಡು ಉತ್ತರ ಬರುತ್ತವೆ, ಉಪಗ್ರಹದ ದಾರಿಯ ಎಡಕ್ಕೊಂದು, ಬಲಕ್ಕೊಂದು, ಕನ್ನಡಿಯಲ್ಲಿ ನೋಡಿದ ಹಾಗೆ. ವ್ಯವಸ್ಥೆ ಒಂದನ್ನು ಆರಿಸುತ್ತದೆ, ಒಮ್ಮೊಮ್ಮೆ ತಪ್ಪಾದದ್ದನ್ನೇ ಆರಿಸುತ್ತದೆ. ಹಕ್ಕಿಯ ದಾರಿಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಒಂಟಿ ಚುಕ್ಕೆ ಕಂಡರೆ ಅದು ಹೀಗೆ ಹುಟ್ಟಿದ್ದಿರಬಹುದು. ಸುಮ್ನೆ ಗಾಬರಿಯಾಗಬೇಡಿ.

ದೊಡ್ಡ ಹಕ್ಕಿಗಳಿಗಾದರೆ ಜಿಪಿಎಸ್ ಇರುವ, ಮೊಬೈಲ್ ನೆಟ್‌ವರ್ಕ್ ಮೂಲಕ ಮೆಸೇಜ್ ಕಳಿಸುವ ಟ್ಯಾಗ್‌ಗಳಿವೆ. ಜಾಗ ಕರಾರುವಾಕ್ಕಾಗಿ ಸಿಗುತ್ತದೆ, ಆದರೆ ಟವರ್ ಸಿಗಬೇಕು. 2019ರಲ್ಲಿ ರಷ್ಯಾದ ಸಂಶೋಧಕರು ಹಿಂಬಾಲಿಸುತ್ತಿದ್ದ 'ಮಿನ್' ಅನ್ನುವ ಹುಲ್ಲುಗಾವಲು ಹದ್ದು ಬೇಸಿಗೆಯಿಡೀ ಕಜಕಿಸ್ತಾನದಲ್ಲಿ ಟವರ್ ಇಲ್ಲದ ಕಡೆ ಇತ್ತು. ಆಮೇಲೆ ನೇರ ಇರಾನ್‌ಗೆ ಹೋಗಿ ಕೂಡಿಟ್ಟ ಮೆಸೇಜ್‌ಗಳನ್ನೆಲ್ಲ ಅಲ್ಲಿಂದ ಕಳಿಸಿತು, ಒಂದೊಂದಕ್ಕೂ 49 ರೂಬಲ್ ರೋಮಿಂಗ್! ಹದ್ದಿನ ಮೊಬೈಲ್ ರೀಚಾರ್ಜ್‌ಗೆ ಅಂತ ಜನರಿಂದ ಚಂದಾ ಎತ್ತಬೇಕಾಯಿತು.

ಇನ್ನು ಕೆಲಸಕ್ಕೆ ಇಳಿಯೋಣ. ಮೂವ್‌ಬ್ಯಾಂಕ್ ಅನ್ನುವ ಉಚಿತ ತಾಣದಲ್ಲಿ ಜಗತ್ತಿನ ಸಾವಿರಾರು ಪ್ರಾಣಿ ಪಕ್ಷಿಗಳ ಓಡಾಟದ ಮಾಹಿತಿ ಇದೆ. ಅದನ್ನು ನೋಡಿಕೊಳ್ಳುವುದು ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆ. ಫೋನಿಗೆ ಅವರದೇ ಆನಿಮಲ್ ಟ್ರ್ಯಾಕರ್ ಆ್ಯಪ್ ಇದೆ. ಹಕ್ಕಿಯ ವೈಜ್ಞಾನಿಕ ಹೆಸರು ಹಾಕಿ ಹುಡುಕಿ. ಎಲ್ಲ ಮಾಹಿತಿಯೂ ತೆರೆದಿರುವುದಿಲ್ಲ, ಕೆಲವು ಮಾಲೀಕರು ಬೀಗ ಹಾಕಿರುತ್ತಾರೆ. ಅದು ಜಿಪುಣತನವಲ್ಲ. ಹಕ್ಕಿ ರಾತ್ರಿ ಕೂರುವ ಮರ ಯಾವುದು ಅಂತ ಬೇಟೆಗಾರನಿಗೂ ಗೊತ್ತಾಗಬಾರದಲ್ಲ. ನಮ್ಮ ಅಮುರ್ ಹಕ್ಕಿಗಳ ಸುದ್ದಿಯನ್ನು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಆಯಾ ರಾಜ್ಯದ ಅರಣ್ಯ ಇಲಾಖೆ ನಕ್ಷೆ ಸಮೇತ ಹೊರಬಿಡುತ್ತವೆ. ಕೈ ಪಳಗಿಸಿಕೊಳ್ಳಲು ಮಾತ್ರ ಮೂವ್‌ಬ್ಯಾಂಕಿನಲ್ಲಿ ತೆರೆದಿರುವ ಯಾವುದಾದರೂ ಬೇಟೆಹಕ್ಕಿಯ ಫೈಲ್ ಇಳಿಸಿಕೊಳ್ಳಿ.

ಫೈಲನ್ನು ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಎರಡು ಕಡೆ ಎಡವುತ್ತೀರಿ. ಒಂದು, ಸಮಯ. ಅದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಇನ್ನೊಂದು, ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಇರುತ್ತದೆ. ಅದಲು ಬದಲು ಮಾಡಿದರೆ ಬೆಂಗಳೂರಿನ ಹಕ್ಕಿ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಮಂಜಿನ ಸಮುದ್ರದಲ್ಲಿ ಬಿದ್ದಿರುತ್ತದೆ. ನಾನಂತೂ ಬೀಳಿಸಿದ್ದೇನೆ.

ಆರ್ಗೋಸ್ ಫೈಲ್ ಆದರೆ ಪ್ರತಿ ಚುಕ್ಕೆಗೂ ಒಂದು ದರ್ಜೆ ಇರುತ್ತದೆ. 3 ಅಂದರೆ ತಪ್ಪು 250 ಮೀಟರ್ ಒಳಗೆ. 2 ಅಂದರೆ 500 ಮೀಟರ್ ಒಳಗೆ, 1 ಅಂದರೆ ಒಂದೂವರೆ ಕಿಲೋಮೀಟರ್ ಒಳಗೆ. 0 ಅಂದರೆ ಅದಕ್ಕಿಂತ ಜಾಸ್ತಿ. ಎ ಮತ್ತು ಬಿ ಚುಕ್ಕೆಗಳಿಗೆ ಎಷ್ಟು ತಪ್ಪು ಅನ್ನುವ ಅಂದಾಜೇ ಇಲ್ಲ, ಝಡ್ ಇದ್ದರೆ ಕಿತ್ತು ಹಾಕಿ. ಶುರುವಿನಲ್ಲಿ 3, 2, 1 ಮಾತ್ರ ಇಟ್ಟುಕೊಳ್ಳಿ. ಸಮುದ್ರದ ಮೇಲೆ ಒಳ್ಳೆಯ ಚುಕ್ಕೆ ಸಿಗದೇ ಹೋದರೆ ಎ, ಬಿ ಕೂಡ ಬೇಕಾಗುತ್ತವೆ. ಆಗ ಅಕ್ಕಪಕ್ಕದ ಚುಕ್ಕೆಗಳ ಜೊತೆ ತಾಳೆ ನೋಡಿ. ಹೇಗೆ ಅಂದರೆ, ಗೂಗಲ್ ಅರ್ಥ್‌ನಲ್ಲಿ ಅಳತೆಪಟ್ಟಿ ಹಿಡಿದು ಎರಡು ಚುಕ್ಕೆಗಳ ದೂರ ಅಳೆಯಿರಿ, ನಡುವಿನ ಗಂಟೆಗಳಿಂದ ಭಾಗಿಸಿ. ಗಂಟೆಗೆ 40, 50 ಕಿಲೋಮೀಟರ್ ಬಂದರೆ ಸರಿ. ಬೆನ್ನಿಗೆ ಗಾಳಿ ಇದ್ದರೆ ಇನ್ನಷ್ಟು. 200 ಬಂತು ಅಂದರೆ ಚುಕ್ಕೆ ತಪ್ಪು, ಹಕ್ಕಿಯದ್ದೇನೂ ತಪ್ಪಿಲ್ಲ.

ಈಗ ಆ 10 ಗಂಟೆ, 48 ಗಂಟೆ ಲೆಕ್ಕಕ್ಕೆ ಬನ್ನಿ. ಅರಬ್ಬೀ ಸಮುದ್ರದ ಮೇಲೆ ಸುಮಾರು 3000 ಕಿಲೋಮೀಟರ್ ದಾರಿ. ಗಂಟೆಗೆ 42ರ ಹಾಗೆ ಹಾರಿದರೆ ಎಪ್ಪತ್ತು ಗಂಟೆ ಚಿಲ್ಲರೆ, ಅಂದರೆ ಮೂರು ದಿನ. ಅಷ್ಟರಲ್ಲಿ ಟ್ಯಾಗ್ ಮಾತಾಡುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಕೊಂಕಣ ಕರಾವಳಿಯಲ್ಲಿ ಒಂದು ಚುಕ್ಕೆ, ಸಮುದ್ರದ ನಡುವೆ ಒಂದು, ಮುಂದಿನದು ಸೊಮಾಲಿಯಾದಲ್ಲಿ. ನಡುವಿನ ಗೆರೆ ನೆಟ್ಟಗಿದೆ ಅಂದ ಮಾತ್ರಕ್ಕೆ ಹಕ್ಕಿ ನೆಟ್ಟಗೆ ಹಾರಿತು ಅಂತಲ್ಲ. ಹಾಗಾಗಿ ಪತ್ರಿಕೆಯಲ್ಲಿ ಬರುವ ಕಿಲೋಮೀಟರ್ ಲೆಕ್ಕ ಯಾವಾಗಲೂ ಕನಿಷ್ಠ ಲೆಕ್ಕ. ಎರಡು ದಿನ ಸುದ್ದಿ ಇಲ್ಲ ಅಂತ 'ಹಕ್ಕಿ ಸತ್ತಿತು' ಅಂತ ಹಾಕಿಬಿಡುವ ಆತುರದವರೂ ಇದ್ದಾರೆ. ಅದು ಚಾರ್ಜ್ ಆಗುತ್ತಿರಬಹುದು, ಮೋಡ ಇರಬಹುದು, ಗರಿ ಸೋಲಾರ್ ಫಲಕವನ್ನು ಮುಚ್ಚಿರಬಹುದು. ಒಂದೇ ಜಾಗದಿಂದ ವಾರಗಟ್ಟಲೆ ಒಳ್ಳೆಯ ದರ್ಜೆಯ ಚುಕ್ಕೆ ಬರುತ್ತಿದೆ, ಅಲುಗಾಟವೇ ಇಲ್ಲ ಅಂದರೆ ಆಗ ಚಿಂತೆ ಮಾಡಿ. ಹಕ್ಕಿ ಸತ್ತಿರಬಹುದು, ಇಲ್ಲವೇ ಟ್ಯಾಗ್ ಕಳಚಿ ಬಿದ್ದಿರಬಹುದು.

ಖಾಲಿ ಜಾಗ ತುಂಬಲು ನನಗೆ ಇಷ್ಟವಾದ ದಾರಿ ಗಾಳಿ ನೋಡುವುದು. ಗಾಳಿಯ ನಕ್ಷೆ ತೋರಿಸುವ ವಿಂಡಿ ಅಥವಾ ನಲ್‌ಸ್ಕೂಲ್ ತಾಣದಲ್ಲಿ 850 ಹೆಕ್ಟೋಪ್ಯಾಸ್ಕಲ್ ಮಟ್ಟ ಆರಿಸಿ, ಅದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರ. ನಲ್‌ಸ್ಕೂಲ್‌ನಲ್ಲಿ ಹಿಂದಿನ ದಿನಗಳಿಗೂ ಹೋಗಬಹುದು. ಹಕ್ಕಿ ಕರಾವಳಿ ಬಿಟ್ಟ ದಿನದ ಗಾಳಿ ನೋಡಿ. ಹಿಂಗಾರಿನ ಈಶಾನ್ಯ ಗಾಳಿ ಆಫ್ರಿಕಾ ಕಡೆಗೇ ತಳ್ಳುತ್ತಿರುವುದು ಕಾಣುತ್ತದೆ. ಅದೇ ಹೊತ್ತಿಗೆ ಲಕ್ಷಾಂತರ ಏರೋಪ್ಲೇನ್ ಚಿಟ್ಟೆಗಳೂ ಸಮುದ್ರ ದಾಟುತ್ತವೆ, ಫಾಲ್ಕನ್‌ಗಳಿಗೆ ದಾರಿಯ ಬುತ್ತಿ ಅವೇ ಇರಬೇಕು ಅನ್ನುವುದು ಒಂದು ಊಹೆ.

ನೀವೇ ಟ್ಯಾಗ್ ಕಟ್ಟುವ ಆಸೆ ಬೇಡ. ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು, ತರಬೇತಿ ಬೇಕು, ಟ್ಯಾಗ್‌ಗೆ ಲಕ್ಷಗಟ್ಟಲೆ ದುಡ್ಡೂ ಬೇಕು. ನಮ್ಮಿಂದ ಆಗುವುದು ಬೇರೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಳಿಗಾಲದ ಸೆಳೆವಗಳನ್ನು (ಹ್ಯಾರಿಯರ್ ಹಕ್ಕಿಗಳನ್ನು) ನೋಡುವಾಗಲೋ, ನವೆಂಬರ್‌ನಲ್ಲಿ ಕರಾವಳಿಯ ಆಕಾಶ ನೋಡುವಾಗಲೋ ಬೆನ್ನ ಮೇಲೆ ಕೂದಲಿನಂಥ ಆಂಟೆನಾ ಇರುವ ಹಕ್ಕಿ ಕಂಡರೆ ದೂರದಿಂದ ಫೋಟೋ ತೆಗೆದು, ಜಾಗ, ದಿನ, ಸಮಯ ಬರೆದು ಅರಣ್ಯ ಇಲಾಖೆಗೆ ತಿಳಿಸಿ. ಕಾಲಿಗೆ ಹಾಕಿದ ಗುರುತಿನ ಉಂಗುರ ಕಂಡರೆ ಅದರ ಬಣ್ಣ, ಅಕ್ಷರ ಸಹಿತ.

ಏಪ್ರಿಲ್ ಕೊನೆಗೆ ನಕ್ಷೆ ಮತ್ತೆ ತೆಗೆಯಿರಿ. ಆಫ್ರಿಕಾದ ದಕ್ಷಿಣದಿಂದ ಹೊರಟ ಹಕ್ಕಿಗಳು ಸೊಮಾಲಿಯಾ ತಲುಪಿ, ಈ ಕಡೆ ಬೀಸುವ ಗಾಳಿಗೆ ಕಾಯುತ್ತಿರುತ್ತವೆ.