ಘಾಟಿಲ್ಲದ ಗಾಳಿ ಎಲ್ಲಿಯವರೆಗೆ ಇಳಿಯುತ್ತದೆ?

ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದರೆ ಹಿತ್ತಲಲ್ಲಿದ್ದವರೂ ಕೆಮ್ಮುತ್ತಾರೆ. ನಮ್ಮ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಹೋಗಿ ಕಿಟಕಿ ತೆರೆಯುತ್ತಿದ್ದಳು. ಅದೇ ಅಮ್ಮ ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ನಿಗಿನಿಗಿ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ನಾವು ಮಲಗುವ ಕೋಣೆಗೆ ತಂದಿಟ್ಟು, ಶೀತಗಾಳಿ ಬಾರದಿರಲೆಂದು ಬಾಗಿಲು ಕಿಟಕಿ ಭದ್ರಪಡಿಸುತ್ತಿದ್ದಳು. ಹೊಗೆಯಿಲ್ಲ, ಘಾಟಿಲ್ಲ, ಆದ್ದರಿಂದ ಭಯವೂ ಇರಲಿಲ್ಲ. ಈ ಎರಡರಲ್ಲಿ ನಮ್ಮ ಜೀವಕ್ಕೆ ಎರವಾಗಬಹುದಾಗಿದ್ದದ್ದು ಎರಡನೆಯದೇ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಘಾಟು ಎಂಬುದು ಮೂಗು ಗಂಟಲು ಹೊಡೆಯುವ ಗಂಟೆ. ಅದು ಮೊಳಗದೆ ಒಳಗಿಳಿಯುವ ಅನಿಲಗಳೂ ಇವೆ. ಯಾವುದು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದರೆ ಅದನ್ನು ಎಲ್ಲಿ ತಡೆಯಬೇಕು ಎಂಬುದೂ ಗೊತ್ತಾಗುತ್ತದೆ. ಒಂದು ಉಸಿರಿನ ಬೆನ್ನು ಹತ್ತಿ ಹೋಗೋಣ.

ಮೊದಲು, ಬಾಯಿ ಮುಚ್ಚಿ

ಮೂಗಿನ ಒಳಗೋಡೆ ಸದಾ ಒದ್ದೆ. ನೀರಿನಲ್ಲಿ ಸುಲಭವಾಗಿ ಕರಗುವ ಅನಿಲ ಯಾವುದೇ ಇರಲಿ, ಆ ತೇವವನ್ನು ಮುಟ್ಟಿದ ಕೂಡಲೇ ಅಲ್ಲಿಯೇ ಕರಗಿ ನಿಲ್ಲುತ್ತದೆ. ಅಮೋನಿಯಾ ಹೀಗೆಯೇ. ಪಟಾಕಿಯ ಹೊಗೆಯಲ್ಲೂ ಕಲ್ಲಿದ್ದಲು ಉರಿಸುವ ಸ್ಥಾವರಗಳ ಹೊಗೆಯಲ್ಲೂ ಇರುವ ಸಲ್ಫರ್ ಡೈಆಕ್ಸೈಡ್ ಕೂಡ ಹೀಗೆಯೇ. ಸುಮ್ಮನೆ ಕುಳಿತು ಮೂಗಿನಿಂದ ಉಸಿರಾಡುವವರಲ್ಲಿ ಈ ಸಲ್ಫರ್ ಡೈಆಕ್ಸೈಡ್‌ನ 100ರಲ್ಲಿ 90ಕ್ಕೂ ಹೆಚ್ಚು ಪಾಲು ಮೂಗು ಗಂಟಲು ದಾಟುವುದೇ ಇಲ್ಲ. ಕರಗಿ ಆಮ್ಲವಾಗುವುದರಿಂದ ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನಾವು ಅಲ್ಲಿಂದ ಓಡುತ್ತೇವೆ. ದೇಹದ ಉದ್ದೇಶವೂ ಅದೇ.

ಬಾಯಿಂದ ಉಸಿರಾಡಿದರೆ ಈ ಕಾವಲು ಅರ್ಧಕ್ಕರ್ಧ ಕಳಚಿದಂತೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 6 ಲೀಟರ್‌ನಷ್ಟು ಗಾಳಿ ಸಾಕು; ಬಿರುಸಾಗಿ ಸೈಕಲ್ ತುಳಿಯುವಾಗ ಅದು 40 ಲೀಟರ್ ದಾಟುತ್ತದೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಗಾಳಿಯಲ್ಲಿರುವ ವಿಷ ಅಷ್ಟೇ ಇದ್ದರೂ ಒಳಗೆ ಹೋಗುವುದು ಹಲವು ಪಟ್ಟು ಹೆಚ್ಚುತ್ತದೆ, ಅದೂ ಆಳಕ್ಕೆ. 1984ರ ಡಿಸೆಂಬರ್ 2–3ರ ನಡುರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರಿದಾಗ ಪ್ರಾಣಭಯದಿಂದ ಓಡಿದವರು ಏದುಸಿರಿನಲ್ಲಿ ಇನ್ನಷ್ಟು ಅನಿಲವನ್ನು ಎಳೆದುಕೊಂಡರು. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಳ್ಳಿ ಎಂದು ಅವರಿಗೆ ಯಾರಾದರೂ ಆ ಹೊತ್ತಿಗೆ ಹೇಳಿದ್ದರೆ ಎಂದು ನೆನೆದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ. ಆ ಅನಿಲ ನೀರಿನೊಂದಿಗೆ ವರ್ತಿಸುತ್ತದೆ. ಒದ್ದೆ ಬಟ್ಟೆ ಮೂಗಿನ ಹೊರಗೆ ಇನ್ನೊಂದು ಮೂಗಿನಂತೆ ಕೆಲಸ ಮಾಡುತ್ತದೆ.

ಹಾಗಾಗಿ ನಡಿಗೆ, ಓಟ, ಸೈಕಲ್ ಯಾವುದಿದ್ದರೂ ವಾಹನ ದಟ್ಟಣೆಯ ರಸ್ತೆ ಬಿಟ್ಟು ಒಳದಾರಿ ಹಿಡಿಯಿರಿ. ಸಿಗ್ನಲ್‌ನಲ್ಲಿ ನಿಂತಾಗ ಬಸ್ಸಿನ ಹೊಗೆಕೊಳವೆಯ ನೇರ ಹಿಂದೆ ನಿಲ್ಲಬೇಡಿ.

ನಡುದಾರಿಯಲ್ಲಿ

ಗಂಟಲಿನಿಂದ ಕೆಳಗೆ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಬಾರಿ ಕವಲೊಡೆಯುತ್ತದೆ. ಮಧ್ಯಮ ಪ್ರಮಾಣದಲ್ಲಿ ಕರಗುವ ಕ್ಲೋರಿನ್ ಈ ದಾರಿಯುದ್ದಕ್ಕೂ ಗಾಯ ಮಾಡುತ್ತಾ ಹೋಗುತ್ತದೆ. ಅದು ಕಾರ್ಖಾನೆಯ ವಿಷ ಮಾತ್ರ ಎಂದುಕೊಳ್ಳಬೇಡಿ. ಬ್ಲೀಚಿಂಗ್ ಪೌಡರ್ ಚೆಲ್ಲಿದ ನೆಲದ ಮೇಲೆಯೇ ಶೌಚಾಲಯ ತೊಳೆಯುವ ಆಸಿಡ್ ಸುರಿದರೆ ನಿಮ್ಮ ಬಚ್ಚಲಿನಲ್ಲೇ ಕ್ಲೋರಿನ್ ಹುಟ್ಟುತ್ತದೆ. ಒಂದನ್ನು ಬಳಸಿದರೆ ಇನ್ನೊಂದನ್ನು ಮುಟ್ಟಬೇಡಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ. ಬಾಗಿಲು ಹಾಕಿದ ಬಚ್ಚಲಲ್ಲಿ ಬಗ್ಗಿ ಕುಳಿತು ಉಜ್ಜುವವರು ಅವರೇ.

ಓಜೋನ್ ಸಹ ದಾರಿಯುದ್ದಕ್ಕೂ ಕಾಟ ಕೊಟ್ಟು, ಸಣ್ಣ ಕವಲುಗಳವರೆಗೂ ಇಳಿಯುತ್ತದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ಅದು ತಯಾರಾಗುವುದರಿಂದ ಸುಡು ಮಧ್ಯಾಹ್ನದಲ್ಲಿ ಅದರ ಪ್ರಮಾಣ ಏರುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳ ಕ್ರಿಕೆಟ್ಟನ್ನು ಬೆಳಗಿನ ಹೊತ್ತಿಗೆ ಬದಲಾಯಿಸಲು ಇದೂ ಒಂದು ಕಾರಣ.

ದೂಳಿನ ದಾರಿ ಬೇರೆ. ಅದರ ಗತಿಯನ್ನು ತೀರ್ಮಾನಿಸುವುದು ಗಾತ್ರ. ದಪ್ಪ ಕಣಗಳು ಮೂಗಿನಲ್ಲಿ, ಕವಲುಗಳ ತಿರುವಿನಲ್ಲಿ ಡಿಕ್ಕಿ ಹೊಡೆದು ಲೋಳೆಗೆ ಅಂಟುತ್ತವೆ. ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಪಿಎಂ 2.5 ಎಂದು ಕರೆಯುವ, ತಲೆಗೂದಲಿನ ದಪ್ಪದ ಇಪ್ಪತ್ತೈದನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ತಳ ಮುಟ್ಟುತ್ತವೆ. ಸರಿಯಾಗಿ ಕೂತ ಎನ್95 ಮಾಸ್ಕ್ ಅವುಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ. ಆದರೆ ಅನಿಲವನ್ನು ಅದು ತಡೆಯುವುದಿಲ್ಲ. ಮಾಸ್ಕ್ ಇದೆಯೆಂದು ಅನಿಲ ತುಂಬಿದ ಕೋಣೆಗೆ ನುಗ್ಗಬೇಡಿ.

ತಳದ ತೆಳುಗೋಡೆ

ಕೊನೆಯಲ್ಲಿರುವುದು ಗಾಳಿಗೂಡುಗಳು, ಕೋಟಿಗಟ್ಟಲೆ. ಎಲ್ಲವನ್ನೂ ಬಿಡಿಸಿ ಹರಡಿದರೆ ಒಂದು ದೊಡ್ಡ ತರಗತಿ ಕೋಣೆಯ ನೆಲದಷ್ಟು, ಸುಮಾರು 70 ಚದರ ಮೀಟರ್. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮೈಕ್ರೋಮೀಟರ್‌ಗಿಂತಲೂ ತೆಳು. ಕೆಂಪು ರಕ್ತಕಣವೊಂದು ಆ ಗೋಡೆಗೆ ಮೈಯೊರಸಿ ಸಾಗುವುದು ಮುಕ್ಕಾಲು ಸೆಕೆಂಡು ಮಾತ್ರ. ಆರೋಗ್ಯವಂತರಲ್ಲಿ ಆಮ್ಲಜನಕ ತುಂಬಿಕೊಳ್ಳಲು ಅದರ ಮೂರನೇ ಒಂದು ಭಾಗವೇ ಸಾಕು.

ನೀರಿನಲ್ಲಿ ಅಷ್ಟಾಗಿ ಕರಗದ ಅನಿಲಗಳು ಮೇಲೆ ಎಲ್ಲೂ ಸಿಕ್ಕಿಬೀಳದೆ ಇಲ್ಲಿಗೆ ಬರುತ್ತವೆ. ನೈಟ್ರೋಜನ್ ಡೈಆಕ್ಸೈಡ್ ಹೆಚ್ಚು ಪ್ರಮಾಣದಲ್ಲಿ ಇಳಿದರೆ ಈ ಗೋಡೆಯನ್ನೇ ಕೆಡಿಸುತ್ತದೆ. ಮೊದಲು ಸಣ್ಣ ಕೆಮ್ಮು, ಆಮೇಲೆ ಏನೂ ಇಲ್ಲವೆಂಬ ಸಮಾಧಾನ, ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು. ಇಂಥ ಅನಿಲ ಕುಡಿದವರನ್ನು ‘ಈಗ ಚೆನ್ನಾಗಿದ್ದಾರೆ’ ಎಂದು ಮನೆಗೆ ಕಳುಹಿಸಬಾರದು.

ಗೋಡೆ ದಾಟಿ ರಕ್ತಕ್ಕೆ ಸೇರುವ ಅನಿಲಗಳಲ್ಲೂ ಎರಡು ಬಗೆ. ಸೋಡಾ ಬಾಟಲಿಯನ್ನು ನೆನಪಿಸಿಕೊಳ್ಳಿ. ಒತ್ತಡ ಇರುವವರೆಗೆ ಅನಿಲ ನೀರಿನೊಳಗೆ. ಮುಚ್ಚಳ ತೆರೆದರೆ ಹೊರಗೆ. ಪೆಟ್ರೋಲ್ ಆವಿ, ಪೇಂಟಿನ ಆವಿ ಬಹುಮಟ್ಟಿಗೆ ಈ ಲೆಕ್ಕದಲ್ಲಿ ನಡೆಯುತ್ತವೆ. ಗಾಳಿಯಲ್ಲಿ ಹೆಚ್ಚಿದ್ದಾಗ ರಕ್ತಕ್ಕೆ ಇಳಿದು, ಶುದ್ಧ ಗಾಳಿಗೆ ಬಂದ ಮೇಲೆ ಒಂದಷ್ಟು ಪಾಲು ಉಸಿರಿನಲ್ಲಿ ಮರಳುತ್ತವೆ. ಸಂಚಾರ ಪೊಲೀಸರು ಊದಿಸಿ ನೋಡುವುದು ಕೂಡ ರಕ್ತದಿಂದ ಗಾಳಿಗೂಡಿಗೆ ಮರಳಿದ ಮದ್ಯಸಾರವನ್ನೇ. ಮರಳುತ್ತದೆಂದ ಮಾತ್ರಕ್ಕೆ ನಿರಪಾಯವಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಬಂಕ್‌ನಲ್ಲಿ ಪೈಪಿನ ಬಾಯಿಂದ ದೂರ ನಿಲ್ಲಿ.

ಇನ್ನೊಂದು ಬಗೆಯದು ಅಮ್ಮನ ಅಗ್ಗಿಷ್ಟಿಕೆಯ ಅನಿಲ, ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಘಾಟಂತೂ ಇಲ್ಲವೇ ಇಲ್ಲ. ರಕ್ತಕ್ಕೆ ಇಳಿದೊಡನೆ ಹೀಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದುಕೊಳ್ಳುವುದರಿಂದ ರಕ್ತದ ನೀರಿನಲ್ಲಿ ಅದರ ಒತ್ತಡ ಏರುವುದೇ ಇಲ್ಲ, ಒತ್ತಡ ಏರದೆ ಒಳಹರಿವು ನಿಲ್ಲುವುದೂ ಇಲ್ಲ. ಗಾಳಿಯಲ್ಲಿ 1,000ಕ್ಕೆ 1 ಪಾಲು ಇದ್ದು, ಅದನ್ನೇ ಸಾಕಷ್ಟು ಹೊತ್ತು ಉಸಿರಾಡುತ್ತಿದ್ದರೆ ಹೀಮೋಗ್ಲೋಬಿನ್‌ನ ಸುಮಾರು ಅರ್ಧ ಭಾಗ ಅದರ ವಶವಾಗುತ್ತದೆ. ಹೊರಗಿನ ಗಾಳಿಗೆ ಬಂದರೂ ಹಿಡಿದ ಪಾಲಿನಲ್ಲಿ ಅರ್ಧ ಕಳೆಯಲು 4–5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಅದು ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ.

ಗ್ಯಾಸ್ ಗೀಸರ್ ಇರುವವರು ಇಷ್ಟು ಮಾಡಿ

ಅಗ್ಗಿಷ್ಟಿಕೆಯ ಜಾಗವನ್ನು ಇಂದು ನಗರಗಳಲ್ಲಿ ಗ್ಯಾಸ್ ಗೀಸರ್ ಹಿಡಿದಿದೆ. ಕಿರಿದಾದ ಬಚ್ಚಲಲ್ಲಿ ಅದು ಉರಿಯುತ್ತಾ ಅಲ್ಲಿನ ಆಮ್ಲಜನಕವನ್ನು ಕಬಳಿಸುತ್ತದೆ. ಆಮ್ಲಜನಕ ಸಾಲದಾದಾಗ ಅನಿಲ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಕೂರಿಸಿ, ನೀರಿನ ಕೊಳವೆಯನ್ನು ಮಾತ್ರ ಒಳಗೆ ತನ್ನಿ. ಅದು ಆಗುವವರೆಗೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಚ್ಚಲಿನ ಗಾಳಿ ಪೂರ್ತಿ ಬದಲಾದ ಮೇಲೆ ಸ್ನಾನಕ್ಕೆ ಹೋಗಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ಬಳಕೆ ನಿಲ್ಲಿಸಿ ರಿಪೇರಿಯವರನ್ನು ಕರೆಸಿ. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ನೆಮ್ಮದಿಯಾಗಬೇಡಿ. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಅದು ತಿರುಗಿಯೂ ಪ್ರಯೋಜನವಿಲ್ಲ.

ಒಳಗೆ ಹೋದವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆಯಿರಿ. ಉಸಿರು ಬಿಗಿಹಿಡಿದು ಗ್ಯಾಸ್ ಆರಿಸಿ, ಅವರನ್ನು ಬಯಲಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್‌ಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹೀಮೋಗ್ಲೋಬಿನ್‌ಗೂ ವ್ಯತ್ಯಾಸ ಕಾಣದೆ 98, 99 ಎಂದೇ ತೋರಿಸಬಹುದು. ನೀವು ಹೇಳಿದರೆ ವೈದ್ಯರು ಅದನ್ನು ನಂಬದೆ ರಕ್ತ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ, ವರದಿಗೆ ಕಾಯದೆ ಆಮ್ಲಜನಕ ಹಚ್ಚುತ್ತಾರೆ.